ಹತ್ತನೆಯ ದೋಷ

೬ ಅಕ್ಟೋಬರ್ ೧೯೩೫, ಭಾನುವಾರ. ರಾಯದುರ್ಗ

ಇಂದು ನಮ್ಮ ವಾಗ್ಜೀವಿ ಸಂಘದ ವಾರ್ಷಿಕ ಪರೀಕ್ಷೆ ಸಾಂಗವಾಗಿ ಜರುಗಿತು. ಮಾತನ್ನೇ ನಂಬಿ ಬದುಕುವವರಿಗೂ ಒಂದು ಸಂಘವಿರಬೇಕೆಂದು ನಾಲ್ಕು ವರ್ಷಗಳ ಹಿಂದೆ ಮೊದಲು ಹೇಳಿದವರು ಕಾರ್ಯದರ್ಶಿ ಗಂಗಾಧರಪ್ಪನವರು. ಅವರು ತಾಲ್ಲೂಕು ಕಚೇರಿಯಲ್ಲಿ ಹರಾಜು ಕೂಗುವವರು. ಸಂಘಕ್ಕೆ ಹೆಸರಿಟ್ಟು ನಿಯಮಾವಳಿ ಬರೆದುಕೊಟ್ಟವಳು ನಾನು. ಹರಿಕಥೆಯ ದಾಸರು, ಪುರಾಣ ಹೇಳುವವರು, ಸಂತೆಯಲ್ಲಿ ಔಷಧ ಸಾರುವವರು ಎಲ್ಲ ಸೇರಿ ರಾಯದುರ್ಗ, ಮಡಕಶಿರಾ ಸೀಮೆಗಳಿಂದ ಈಗ ನಲವತ್ತೊಂದು ಮಂದಿ ಸದಸ್ಯರಿದ್ದಾರೆ. ಸಂಘದ ಅರ್ಹತಾಪತ್ರವಿಲ್ಲದವನನ್ನು ಯಾವ ದೇವಸ್ಥಾನದವರೂ ಯಾವ ಕಚೇರಿಯವರೂ ಕರೆಯದಂತಾಗಿದೆ. ಇದು ಆಗಬೇಕಾದದ್ದೇ.

ಪರೀಕ್ಷೆಯ ಕ್ರಮ ಸರಳವಾದುದು. ಅಭ್ಯರ್ಥಿ ಕಾಲು ತಾಸು ಮಾತನಾಡಬೇಕು. ದೋಷ ಕಂಡಾಗಲೆಲ್ಲ ಪರೀಕ್ಷಕಿ ಒಮ್ಮೆ ಗಂಟೆ ಬಾರಿಸುತ್ತಾಳೆ. ಹತ್ತನೆಯ ಸಲ ಬಾರಿಸಿದೊಡನೆ ವಾಕ್ಯ ಎಲ್ಲಿದ್ದರೂ ಅಲ್ಲಿಗೇ ನಿಲ್ಲಿಸಿ ವೇದಿಕೆಯಿಂದ ಇಳಿಯಬೇಕು. ಮತ್ತೆ ಮೂರು ವರ್ಷ ಹತ್ತುವಂತಿಲ್ಲ. ಪರೀಕ್ಷಕಿ ನಾನು. ಗಂಟೆಯೂ ನನ್ನದೇ. ಕನ್ಯಾಪಾಠಶಾಲೆಯಿಂದ ನಿವೃತ್ತಳಾದ ದಿನ ಕೊಟ್ಟ ಹಿತ್ತಾಳೆಯ ಕೈಗಂಟೆಯದು. ಹಿಡಿಯ ಸುತ್ತ ‘ಆದಿಲಕ್ಷ್ಮಮ್ಮ, ಮುಖ್ಯ ಉಪಾಧ್ಯಾಯಿನಿ’ ಎಂದು ಕೆತ್ತಿದೆ. ಊರಿನವರು ಮಾತ್ರ ಇಂದಿಗೂ ನನ್ನನ್ನು ಉಪಾಧ್ಯಾಯಿನಿಗೆ ತೆಲುಗಿನಲ್ಲಿ ಹೇಳುವಂತೆ ಪಂತುಲಮ್ಮ ಎಂದೇ ಕರೆಯುತ್ತಾರೆ.

ಆರಂಭದಲ್ಲಿ ‘ವಾಕ್‌ಶುದ್ಧಿ’ ಎಂಬ ವಿಷಯವಾಗಿ ಮುಕ್ಕಾಲು ತಾಸು ಮಾತನಾಡಿದೆ. ಸಭೆ ನಿಶ್ಶಬ್ದವಾಗಿ ಕೇಳಿತು. ಅಧ್ಯಕ್ಷರಾದ ಆಂಜನಪ್ಪದಾಸರು ಕಣ್ಣು ಮುಚ್ಚಿ ಆಲಿಸಿದರು.

ಪರೀಕ್ಷೆಗೆ ನಿಂತವರು ಐವರು, ನಾಲ್ವರು ಉತ್ತೀರ್ಣರಾದರು. ಐದನೆಯವನು ರತ್ನಗಿರಿಯ ಬೊಮ್ಮಪ್ಪ. ಬಯಸ್ಕೋಪಿನ ಡೇರೆಯಲ್ಲಿ ಪರದೆಯ ಪಕ್ಕ ಕೋಲು ಹಿಡಿದು ನಿಂತು, ಮೂಕಚಿತ್ರದ ಕಥೆಯನ್ನು ಜನರಿಗೆ ಬಾಯಲ್ಲಿ ಹೇಳುತ್ತಿದ್ದವನು. ಈಗ ಚಿತ್ರಗಳೇ ಮಾತನಾಡಲು ಕಲಿತಿರುವುದರಿಂದ ಡೇರೆಯವರಿಗೆ ಇವನು ಬೇಡವಾಗಿದ್ದಾನೆ. ಮಡಕಶಿರಾ ಕಡೆಯ ಹಳ್ಳಿಗಳಲ್ಲಿ ಲಾಂದ್ರದ ಬೆಳಕಿನಿಂದ ಪರದೆಯ ಮೇಲೆ ಚಿತ್ರ ತೋರಿಸಿ, ಬಾವಿನೀರಿನ ಹುಳದಿಂದ ಬರುವ ನಾರುಹುಣ್ಣಿನ ವಿಷಯವಾಗಿ ಭಾಷಣ ಮಾಡಲು ಆರೋಗ್ಯ ಇಲಾಖೆಯವರು ಒಬ್ಬನನ್ನು ಹುಡುಕುತ್ತಿದ್ದಾರೆ. ನಮ್ಮ ಪತ್ರ ದೊರೆತರೆ ಆ ಕೆಲಸ ತನಗೇ ಎಂದು ಆತ ನಂಬಿದ್ದ. ಕನ್ನಡದೊಳಗೆ ತೆಲುಗು, ತೆಲುಗಿನೊಳಗೆ ತುರುಕುಮಾತು. ಐದು ನಿಮಿಷದಲ್ಲಿ ಒಂಬತ್ತು ಸಲ ಗಂಟೆ ಬಾರಿಸಬೇಕಾಯಿತು. ಆಮೇಲೆ, ಮೆಟ್ಟಿಲುಬಾವಿಯ ನೀರನ್ನು ಸೋಸದೆ ಕುಡಿಯುತ್ತೇನೆಂದು ಹಟ ಹಿಡಿದ ಒಬ್ಬ ಮುದುಕಿಯ ಕಥೆ ತೆಗೆದ. ಮುದುಕಿ ಚೊಂಬನ್ನು ತುಟಿಯ ಹತ್ತಿರ ತಂದಳು ಎನ್ನುವಾಗ ಹತ್ತನೆಯದು ಬಿತ್ತು. ಆತ ಎತ್ತಿದ ಕೈಗಳನ್ನು ಹಾಗೆಯೇ ಹಿಡಿದು ನಿಂತು ನನ್ನ ಮುಖ ನೋಡಿದ. ನಂತರ ಇಳಿದ.

ನಿಯಮ ಎಲ್ಲರಿಗೂ ಒಂದೇ.

೮ ಅಕ್ಟೋಬರ್

ಓಬಮ್ಮ ಹನ್ನೊಂದು ವರ್ಷಗಳಿಂದ ನನ್ನ ಮನೆಗೆ ನೀರು ತಂದು ಕಸ ಬಳಿಯುವವಳು. ಭಾನುವಾರ ಸಭೆಯಲ್ಲಿ ಚಾಪೆ ಹಾಸಲು ಬಂದು ಅಲ್ಲಿಯೇ ಕುಳಿತುಬಿಟ್ಟಿದ್ದಳು. ಇಂದು ಪಾತ್ರೆ ತಿಕ್ಕುತ್ತ ಕೇಳಿದಳು:

“ಅಮ್ಮಾರ, ಆ ಮುದುಕಿ ನೀರು ಕುಡದ್ಲೇನ್ರಿ, ಬಿಟ್ಲೇನ್ರಿ?”

“ಕಥೆ ಅಪೂರ್ಣವಾಯಿತು. ಯಾರಿಗೂ ತಿಳಿಯದು” ಎಂದೆ.

“ಹಂಗಾದ್ರ ಆಕಿ ಇನ್ನೂ ಚೊಂಬು ಎತ್ಗೊಂಡೇ ನಿಂತಾಳ್ರಿ. ಪಾಪ, ವಯಸ್ಸಾದಾಕಿ. ಕೈ ನೋಯ್ತಿರಬೇಕು.”

ಅಧಿಕಪ್ರಸಂಗ ಬೇಡವೆಂದು ಗದರಿಸಿದೆ. ಅವಳು ಕೊಡದ ಬಾಯಿಗೆ ಹಳೆಯ ಸೀರೆಯ ತುಂಡನ್ನು ಎರಡು ಮಡಿಕೆ ಮಾಡಿ ಕಟ್ಟಿರುವುದನ್ನು ಆಗ ಗಮನಿಸಿದೆ. ಜಲಶೋಧನೆಯ ಪಾಠವನ್ನು ಇದೇ ಜಗಲಿಯ ಮೇಲೆ ಹುಡುಗಿಯರಿಗೆ ಎಷ್ಟು ಸಲ ಹೇಳಿಲ್ಲ! ಇವಳು ಅಲ್ಲಿಯೇ ಕಸ ಬಳಿಯುತ್ತಿರುತ್ತಿದ್ದಳು. ಕಾಲಿಗೆ ನಾರುಹುಣ್ಣಾಗಿ ಎರಡು ತಿಂಗಳು ಕುಂಟಿದ ವರ್ಷವೂ ಬಟ್ಟೆ ಕಟ್ಟಿದವಳಲ್ಲ.

೨೦ ಅಕ್ಟೋಬರ್

ಗಂಗಾಧರಪ್ಪನವರು ದೋಷಪಟ್ಟಿಯ ಪುಸ್ತಕ ತಂದಿದ್ದರು. ಬಾರಿಸಿದ ಪ್ರತಿಯೊಂದು ಗಂಟೆಗೂ ಕಾರಣವನ್ನು ಪರೀಕ್ಷಕಿ ಸ್ವಹಸ್ತದಿಂದ ಬರೆದು ರುಜು ಮಾಡಬೇಕು. ಬೊಮ್ಮಪ್ಪನ ಪುಟದಲ್ಲಿ ಒಂಬತ್ತನ್ನು ಒಂದೇ ಉಸಿರಿಗೆ ಬರೆದೆ. ಹತ್ತನೆಯದಕ್ಕೆ ಬಂದಾಗ ಶಾಯಿ ಒಣಗಿತ್ತು; ಲೇಖನಿಯನ್ನು ಮತ್ತೆ ಅದ್ದಬೇಕಾಯಿತು.

“ಹತ್ತನೇದು ನನಗ ಸಿಗಲಿಲ್ರಿ ಪಂತುಲಮ್ಮಾರ. ನಾನೂ ಬೆಟ್ಟು ಮಡಚಿ ಎಣಿಸ್ತಾ ಕುಂತಿದ್ದೆ” ಎಂದರು.

“ನೀವು ನಗುತ್ತ ಕುಳಿತಿದ್ದಿರಿ.”

“ಹೌದ್ರಿ. ಎಲ್ಲಾರೂ ನಕ್ಕಿವಿ.” ಹೀಗೆಂದು ನನ್ನ ಮುಖ ನೋಡಿ ಬೇಗನೆ ಪುಸ್ತಕದ ಕಡೆಗೆ ತಿರುಗಿದರು. “ನಾನು ಹರಾಜಿನಾಗ ಕೊಡಾಕ ಮುಂಚೆ ಮೂರು ಸಲ ಕೂಗ್ತೀನ್ರಿ. ನೀವು ಒಂದ ಹೊಡೆತಕ್ಕ ಮುಗಿಸಿಬಿಟ್ರಿ.”

‘ಹತ್ತು: ಅನುಚಿತವಾದ ಹಸ್ತಚಾಲನೆ’ ಎಂದು ಬರೆದೆ. ರುಜು ಮಾಡಿದೆ.

೩ ನವೆಂಬರ್

ಗಂಟೆಯನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗಿದೆ. ಓಬಮ್ಮ ತಾನು ಬೆಳಗುತ್ತೇನೆಂದಳು, ಕೊಡಲಿಲ್ಲ.

೧೨ ನವೆಂಬರ್, ಮಂಗಳವಾರ

ಮಧ್ಯಾಹ್ನ ಒಬ್ಬ ಹೆಂಗಸು ಬಂದು ಜಗಲಿಯ ಕೆಳಗೆ ನಿಂತಳು. ಬೊಮ್ಮಪ್ಪನ ಹೆಂಡತಿ, ಹೆಸರು ಕಾಟಮ್ಮ. ಡೇರೆ ನಾಳೆ ರಾಯದುರ್ಗ ಬಿಡುತ್ತದೆ. ಡೇರೆಯವರು ಇವರನ್ನು ಕರೆದುಕೊಳ್ಳದಿರುವುದರಿಂದ ಗಂಡಹೆಂಡಿರು ಊರಿಗೆ ಹೊರಟಿದ್ದಾರೆ. ಬೇಡಿಕೊಳ್ಳಲು ಬಂದಿರಬೇಕೆಂದು ಮನಸ್ಸಿನಲ್ಲಿ ಉತ್ತರವನ್ನು ಸಿದ್ಧಪಡಿಸಿಕೊಂಡೆ. ಅವಳು ಬೇಡಲಿಲ್ಲ.

“ಪಂತುಲಮ್ಮೋರೆ, ನಮ್ಮೋರು ಕೇಳ್ಕಂಡು ಬಾ ಅಂತ ಕಳಿಸವ್ರೆ. ಒಂಬತ್ತು ತೆಪ್ಪು ಯಾವ್ಯಾವ್ದು ಅಂತ ಅವ್ರೇ ಹುಡುಕ್ಕಂಡ್ರು. ಹತ್ತನೇದು ಮಾತ್ರ ತಿಳೀವಲ್ದು. ಆ ಮುದುಕಿ ಮಾತ್ನ ದಿನಾ ಇಪ್ಪತ್ತು ಸರಿ ಯೋಳ್ಕಂತಾರೆ. ಎಲ್ಲಿ ತೆಪ್ಪೈತೆ ಅಂತ ನನ್ನೇ ಕೇಳ್ತಾರೆ. ನಂಗೇನ್ ತಿಳೀತೈತೆ? ನೀವು ಯೋಳುದ್ರೆ ತಿದ್ಕಂತಾರೆ.”

ಮೂವತ್ತೆರಡು ವರ್ಷ ಪಾಠ ಹೇಳಿದವಳಿಗೆ ‘ನನ್ನ ತಪ್ಪು ಯಾವುದು, ತಿದ್ದಿಕೊಳ್ಳುತ್ತೇನೆ’ ಎಂದು ಕೇಳಿಕಳಿಸಿದ ಶಿಷ್ಯರು ಇದ್ದರೇ ಎಂದು ನೆನೆದುಕೊಂಡೆ.

“ಕೈ” ಎಂದೆ. “ಮಾತನಾಡುವಾಗ ಕೈಯನ್ನು ಅತಿಯಾಗಿ ಆಡಿಸಬಾರದು.”

ಕಾಟಮ್ಮ ನನ್ನನ್ನೇ ನೋಡಿದಳು. “ಕೈಯಾ? ಬಯಸ್ಕೋಪ್ನಾಗೆ ಹದಿನಾಕು ವರ್ಷದಿಂದ ಕೈಯಾಗೇ ಅಲ್ವೇನವ್ವ ಅವ್ರು ಕತೆ ಯೋಳಿರಾದು?” ಮತ್ತೆ ತಾನೇ, “ಆಗ್ಲಿ ಬಿಡಿ. ನೀವು ಓದ್ದೋರು. ಯೋಳ್ತೀನಿ” ಎಂದಳು. ಸೆರಗಿನಿಂದ ಒಂದು ಸೀತಾಫಲ ತೆಗೆದು ಜಗಲಿಯ ಮೇಲಿಟ್ಟು ಹೋದಳು.

ಹಣ್ಣನ್ನು ಓಬಮ್ಮನಿಗೆ ಕೊಟ್ಟೆ.

೧೩ ನವೆಂಬರ್

ನಾನು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಭಾಷಣಕಾರರು ಕೈಯನ್ನು ಅತಿಯಾಗಿ ಆಡಿಸಬಾರದೆಂಬುದು ಸರ್ವಸಮ್ಮತವಾದ ಮಾತು.

೧೫ ಡಿಸೆಂಬರ್, ಭಾನುವಾರ

ವಾರ್ಷಿಕ ಸಭೆ ಈ ಸಲ ಮಡಕಶಿರಾದಲ್ಲಿ. ಜನವರಿ ಹನ್ನೆರಡಕ್ಕೆ ಗೊತ್ತುಮಾಡಿ ಗಂಗಾಧರಪ್ಪನವರು ಹಿಂದಿರುಗಿದ್ದಾರೆ. ಛತ್ರದ ವ್ಯವಸ್ಥೆ, ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರು ಬರಲೊಪ್ಪಿದ್ದು, ಲಾಂದ್ರದ ಕೆಲಸಕ್ಕೆ ಅಂದೇ ಒಬ್ಬರನ್ನು ಆರಿಸುವುದು ಎಲ್ಲವನ್ನೂ ಹೇಳಿದರು. ಹೊರಡಲೆಂದು ಎದ್ದವರು ಮತ್ತೆ ಕುಳಿತರು.

“ಬೊಮ್ಮಪ್ಪನ್ನ ಸಂತ್ಯಾಗ ಕಂಡೆ ನೋಡ್ರಿ. ಸೀರೆ ವ್ಯಾಪಾರಿ ಒಬ್ಬಾತ ಕೂಗಾಕ ಇಟ್ಕೊಂಡಿದ್ದ. ಸೀರೆ ಹಿಡಿದು ಬಿಚ್ಚಿ ತೋರಿಸ್ಬೇಕಲ್ರಿ? ಈತ ಎರಡೂ ಕೈ ಬೆನ್ನ ಹಿಂದ ಕಟ್ಕೊಂಡು ನಿಂತಾನ. ಬಾಯಿ ತೆಗೀತಾನ, ನಾಕು ಮಾತು ಬರ್ತಾವು, ಮುಂದ ಇಲ್ಲ. ಯಾಕಪ್ಪಾ ಅಂದ್ರ, ‘ಪಂತುಲಮ್ಮೋರು ಕೈ ಆಡಿಸ್ಬೇಡ ಅಂದವ್ರೆ, ಅಭ್ಯಾಸ ಮಾಡ್ತಿವ್ನಿ’ ಅಂದ. ವ್ಯಾಪಾರಿ ಹೊತ್ತು ಏರೋದ್ರಾಗ ಕಳಿಸಿಬಿಟ್ಟ. ಆ ಮನಿಷಾಗ ಮಾತು ಇರೋದೇ ಕೈಯಾಗ್ರಿ. ಕೈ ಕಟ್ಟಿದ್ರ ಬಾಯಿ ಎಲ್ಲಿ ಬರ್ತೈತ್ರಿ?”

ನಾನು ಕಾಫಿ ತರುವ ನೆಪದಿಂದ ಒಳಗೆ ಹೋದೆ. ಕಾಫಿ ಮಾಡಲಿಲ್ಲ. ಅವರು ಕೂಗಿ ಹೇಳಿ ಹೊರಟುಹೋದರು.

೧೬ ಡಿಸೆಂಬರ್

ಈ ಪುಸ್ತಕವನ್ನು ನನ್ನ ಹೊರತು ಯಾರೂ ಓದುವುದಿಲ್ಲ. ಆದರೂ ಅಕ್ಟೋಬರ್ ಆರರ ಪುಟದಲ್ಲಿ ‘ಹತ್ತನೆಯದು ಬಿತ್ತು’ ಎಂದು ಬರೆದಿದ್ದೇನೆ. ಗಂಟೆ ತಾನಾಗಿ ಬೀಳುವುದಿಲ್ಲ.

ಆದದ್ದು ಇಷ್ಟು. ನನ್ನ ಭಾಷಣದ ಉದ್ದಕ್ಕೂ ಆಂಜನಪ್ಪದಾಸರು ಮಲಗಿದ್ದರು. ಹಿಂದಿನ ಸಾಲಿನಲ್ಲಿ ಇಬ್ಬರು ಎಲೆಯಡಿಕೆ ಮಡಚುತ್ತ ಕುಳಿತಿದ್ದರು. ಬೊಮ್ಮಪ್ಪ ಮುದುಕಿಯ ಕಥೆ ತೆಗೆದೊಡನೆ ದಾಸರು ಎಚ್ಚೆತ್ತು ‘ಭಲೆ’ ಎಂದರು. ಎಲೆಯಡಿಕೆಯವರು ಮುಂದಕ್ಕೆ ಸರಿದು ಬಂದರು. ಆತ ಸೊಂಟ ಬಗ್ಗಿಸಿ, ಇಲ್ಲದ ಚೊಂಬನ್ನು ಎರಡು ಕೈಯಲ್ಲಿ ಎತ್ತಿ, ‘ನಮ್ಮ ಮಾವ ಕುಡ್ದ, ನಮ್ಮತ್ತೆ ಕುಡುದ್ಲು, ನನ್ ಮಗ ಇದ್ರಾಗೇ ಈಜು ಕಲ್ತ’ ಎಂದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಬಾಯಿಗೆ ಸೆರಗು ಅಡ್ಡವಿಡುವುದಕ್ಕೂ ನೆನಪಾಗದಂತೆ ನಕ್ಕೆ. ಎಣಿಸುವುದನ್ನು ಮರೆತಿದ್ದೆ. ತಿರುಗಿ ನೋಡಿದರೆ ಮುಂದಿನ ಸಾಲಿನವರು ಆತನನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಕೈಗೆ ಸಿಕ್ಕಿದ್ದು ಗಂಟೆ. ಆ ವಾಕ್ಯದಲ್ಲಿ ದೋಷವಿರಲಿಲ್ಲ. ಕೈಯಲ್ಲಿಯೂ ಇರಲಿಲ್ಲ.

೧೯ ಡಿಸೆಂಬರ್

ನಿಯಮಾವಳಿಯ ಒಂಬತ್ತನೆಯ ನಿಯಮ, ನಾನೇ ಬರೆದದ್ದು: ‘ಗಂಟೆಯನ್ನು ಅನ್ಯಾಯವಾಗಿ ಬಾರಿಸಿದೆನೆಂದು ಪರೀಕ್ಷಕರೇ ತುಂಬಿದ ಸಭೆಯಲ್ಲಿ ಒಪ್ಪಿಕೊಂಡ ಹೊರತು ಫಲಿತಾಂಶವನ್ನು ಬದಲಾಯಿಸತಕ್ಕದ್ದಲ್ಲ. ಹಾಗೆ ಒಪ್ಪಿಕೊಂಡವರು ಪರೀಕ್ಷಕರಾಗಿ ಮುಂದುವರಿಯತಕ್ಕದ್ದಲ್ಲ.’ ಬರೆಯುವಾಗ ನನ್ನ ನಂತರ ಬರುವವರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೆ.

೨೨ ಡಿಸೆಂಬರ್

ದಾಸರಿಗೆ ಕಾಗದ ಬರೆಯಲು ಕುಳಿತೆ. ‘ಪರೀಕ್ಷಾಸಮಯದಲ್ಲಿ ಅಚಾತುರ್ಯದಿಂದ ಒಂದು ಪ್ರಮಾದವು ಸಂಭವಿಸಿರುವ ಸಾಧ್ಯತೆಯಿರುವುದಾಗಿ ಕಂಡುಬರುತ್ತದೆ.’ ಓದಿಕೊಂಡೆ. ವಾಕ್ಯದಲ್ಲಿ ತಪ್ಪೇನೂ ಇಲ್ಲ. ಆದರೆ ಅದರಲ್ಲಿ ಮಾಡಿದವರೂ ಯಾರೂ ಇಲ್ಲ. ಹರಿದೆ. ಮತ್ತೆ ನಾಲ್ಕು ಸಲ ಬರೆದು ನಾಲ್ಕು ಸಲವೂ ಹರಿದೆ.

ಓಬಮ್ಮ ಚೂರುಗಳನ್ನು ಗುಡಿಸುತ್ತ, “ಯಾರಿಗ್ರಿ ಅಮ್ಮಾರ ಇಷ್ಟೊಂದು ಕಾಗದ?” ಎಂದು ಕೇಳಿದಳು. ಚೊಂಬು ಎತ್ತಿಕೊಂಡು ನಿಂತಿರುವ ಆ ಮುದುಕಿಗೆ ಎಂದೆ. ಅವಳು ನಗಲಿಲ್ಲ.

೨೯ ಡಿಸೆಂಬರ್

ಹೋಗದಿದ್ದರೂ ಆಗುತ್ತದೆ. ಅರವತ್ತು ದಾಟಿದವಳು ಅಷ್ಟು ದೂರ ಪ್ರಯಾಣ ಮಾಡಲಾರಳೆಂದು ಬರೆದರೆ ಎಲ್ಲರೂ ನಂಬುತ್ತಾರೆ.

೫ ಜನವರಿ ೧೯೩೬

ಗಂಗಾಧರಪ್ಪನವರಿಗೆ ಹೇಳಿಕಳಿಸಿದೆ: ನಾನು ಬರುತ್ತೇನೆ. ಬೊಮ್ಮಪ್ಪನವರನ್ನೂ ಸಭೆಗೆ ಕರೆಸಬೇಕು.

೧೨ ಜನವರಿ, ಭಾನುವಾರ. ಮಡಕಶಿರಾ

ಗುಂತಕಲ್ಲಿನ ಮೇಲೆ ಹಿಂದೂಪುರದವರೆಗೆ ರೈಲು, ಅಲ್ಲಿಂದ ಮೋಟಾರು. ನನ್ನ ಹಳೆಯ ಶಿಷ್ಯೆ ಪಾಪಕ್ಕನ ಮನೆಯಲ್ಲಿ ಇಳಿದಿದ್ದೇನೆ. ಸಭೆ ಬೆಳಿಗ್ಗೆ ಹತ್ತಕ್ಕೆ ಛತ್ರದಲ್ಲಿ ಸೇರಿತು. ಸದಸ್ಯರಲ್ಲದೆ ಊರಿನವರೂ ಬಂದಿದ್ದರು. ಇನ್ಸ್‌ಪೆಕ್ಟರು ದಾಸರ ಪಕ್ಕದ ಕುರ್ಚಿಯಲ್ಲಿದ್ದರು. ಬೊಮ್ಮಪ್ಪನವರು ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿದ್ದರು, ಕೈ ಬೆನ್ನ ಹಿಂದೆ. ಕಾಟಮ್ಮ ಒಳಗೆ ಬರದೆ ಹೊಸ್ತಿಲ ಆಚೆ ಕುಳಿತಿದ್ದಳು.

ಸಂಘದ ಸಭೆಯಲ್ಲಿ ಯಾರು ಮಾತನಾಡಿದರೂ ಗಂಟೆಗೆ ಒಳಪಟ್ಟವರೇ. ನನ್ನ ಸರದಿ ಬಂದಾಗ ಗಂಟೆ ಯಾರ ಕೈಯಲ್ಲಿರಬೇಕೆಂದು ದಾಸರು ಕೇಳಿದರು. ಇದುವರೆಗೆ ನನ್ನ ಸರದಿಯಲ್ಲಿ ಅದು ಮೇಜಿನ ಮೇಲೆ ಸುಮ್ಮನಿರುವುದು ವಾಡಿಕೆ. ನಾನು ಎದ್ದು ಬಾಗಿಲವರೆಗೆ ನಡೆದುಹೋಗಿ ಬೊಮ್ಮಪ್ಪನವರ ಮುಂದೆ ಹಿಡಿದೆ.

“ಬ್ಯಾಡಿ ಪಂತುಲಮ್ಮೋರೆ” ಎಂದರು.

“ಹಿಡಿದುಕೊಳ್ಳಿ. ನಾನು ತಪ್ಪು ಹೇಳಿದಾಗ ಬಾರಿಸಿ.”

ಅವರ ಕೈಗಳು ಬೆನ್ನ ಹಿಂದಿನಿಂದ ಬಿಡಿಸಿಕೊಂಡು ಮುಂದೆ ಬರಲು ಬಹಳ ಹೊತ್ತು ಹಿಡಿಯಿತು.

ಎರಡು ಪುಟದ ಭಾಷಣ ಬರೆದುಕೊಂಡಿದ್ದೆ. ವೇದಿಕೆ ಹತ್ತಿದ ಮೇಲೆ ಕನ್ನಡಕಕ್ಕೆ ಹಬೆ ಕಟ್ಟಿ ಒಂದಕ್ಷರವೂ ಕಾಣಲಿಲ್ಲ. ಕಾಗದ ಮಡಚಿದೆ. “ಅಕ್ಟೋಬರ್ ಆರರಂದು ನಾನು ಬೊಮ್ಮಪ್ಪನವರಿಗೆ ಹತ್ತು ಸಲ ಗಂಟೆ ಬಾರಿಸಿದೆ. ಅದರಲ್ಲಿ ಒಂಬತ್ತಕ್ಕೆ ಮಾತ್ರ ಕಾರಣವಿತ್ತು. ಹತ್ತನೆಯದಕ್ಕೆ ದೋಷವಿರಲಿಲ್ಲ. ಪುಸ್ತಕದಲ್ಲಿ ನಾನು ಬರೆದದ್ದು ಸುಳ್ಳು” ಎಂದೆ. ಸಭೆಯ ನಿಶ್ಶಬ್ದವನ್ನು ತಾಳಲಾರದೆ ಮುಂದುವರಿದೆ: “ಅಂದು ಬೆಳಗಿನಿಂದ ನನಗೆ ತಲೆನೋವಿತ್ತು.”

ಗಂಟೆ ನುಡಿಯಿತು.

ಒಂದೇ ಸಲ, ಮೆಲ್ಲಗೆ. ಎಲ್ಲರೂ ಬಾಗಿಲ ಕಡೆ ತಿರುಗಿದರು. ಬೊಮ್ಮಪ್ಪನವರು ಗಂಟೆಯನ್ನು ಎದೆಯ ಮಟ್ಟಕ್ಕೆ ಹಿಡಿದು ನನ್ನನ್ನು ನೋಡುತ್ತಿದ್ದರು. ಅವರ ಮುಖದಲ್ಲಿ ಕೋಪವಿರಲಿಲ್ಲ. ಗಂಟೆ ಹಿಡಿದವನು ಮಾಡಬೇಕಾದ ಕೆಲಸವನ್ನು ಮಾಡಿದವರಂತೆ ನಿಂತಿದ್ದರು.

“ತಲೆನೋವಿರಲಿಲ್ಲ” ಎಂದೆ. “ನನ್ನ ಭಾಷಣಕ್ಕೆ ಮಲಗಿದವರು ಇವರ ಮಾತಿಗೆ ಎದ್ದು ಕೂತರು. ನಾನೂ ನಕ್ಕುಬಿಟ್ಟೆ. ನಾಚಿಕೆಯಾಯ್ತು, ಹೊಟ್ಟೆಯುರಿ ಬಂತು. ಅದಕ್ಕೆ ಹೊಡೆದೆ. ಆಮೇಲೆ ಇವರ ಹೆಂಡತಿ ಮನೆಗೆ ಬಂದು ಕೇಳಿದರೆ ತಪ್ಪನ್ನು ಇವರ ಕೈ ಮೇಲೆ ಹಾಕಿದೆ. ಕೈ ತಪ್ಪು ಮಾಡಿರಲಿಲ್ಲ.”

ಎರಡನೆಯ ಸಲ ಗಂಟೆ ನುಡಿಯಲಿಲ್ಲ. ಕೆಳಗಿಳಿದು ಕುಳಿತೆ.

ದಾಸರು ತಲೆ ತಗ್ಗಿಸಿ, “ಮಲಗಿದ್ದು ಹೌದ್ರಿ, ತಪ್ಪಾತು” ಎಂದರು. ಹಿಂದಿನಿಂದ ಯಾರೋ ನಕ್ಕರು, ಸಭೆಯ ಬಿಗಿ ಸಡಿಲಿತು. ಒಂಬತ್ತನೆಯ ನಿಯಮದಂತೆ ನಾನು ಇನ್ನು ಪರೀಕ್ಷಕಿಯಲ್ಲ. ಬೊಮ್ಮಪ್ಪನವರಿಗೆ ಪತ್ರ ಕೊಡುವುದೆಂದು ತೀರ್ಮಾನವಾಯಿತು. ಶನಿವಾರ ಗುಡಿಬಂಡೆಯಲ್ಲಿ ಒಂದು ಭಾಷಣ ಮಾಡಲಿ, ಜನ ಕೇಳಿದರೆ ಕೆಲಸ ಅವರದೇ ಎಂದರು ಇನ್ಸ್‌ಪೆಕ್ಟರು.

ಹೊರಗೆ ಬಂದಾಗ ಕಾಟಮ್ಮ ಎದುರಾದಳು. ನಾನು ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ಅವಳೇ ಹೇಳಿದಳು.

“ರಾತ್ರಿ ಉಣ್ಣೋವಾಗ್ಲೂ ಇನ್ನೊಂದು ಕೈನ ಬೆನ್ನ ಹಿಂದ್ಕೇ ಇಟ್ಕಂತಿದ್ರು ಪಂತುಲಮ್ಮೋರೆ. ಮಗೀನ ಎತ್ಕಳಾಕೂ ಯೋಚ್ನೆ ಮಾಡೋರು.” ಅಷ್ಟೇ ಹೇಳಿ ಗಂಡನ ಹಿಂದೆ ಹೊರಟುಹೋದಳು. ಬಯ್ದಿದ್ದರೆ ಚೆನ್ನಾಗಿತ್ತು.

ಗಂಟೆಯನ್ನು ಬೊಮ್ಮಪ್ಪನವರು ಮೇಜಿನ ಮೇಲೆ ಇಟ್ಟು ಹೋಗಿದ್ದರು. ಗಂಗಾಧರಪ್ಪನವರು ತಂದುಕೊಟ್ಟರು. ಸಂಘಕ್ಕೇ ಇರಲಿ ಎಂದೆ. “ಹೆಸರು ನಿಮ್ಮದೈತಲ್ರಿ” ಎಂದರು. ಇರಲಿ, ಮುಂದೆ ಹಿಡಿಯುವವರು ಓದಿಕೊಳ್ಳಲಿ ಎಂದೆ.

೧೮ ಜನವರಿ, ಶನಿವಾರ. ಗುಡಿಬಂಡೆ

ಪಾಪಕ್ಕ ಬೇಡವೆಂದಳು. ಆದರೂ ಗಾಡಿ ಮಾಡಿಸಿಕೊಂಡು ಬಂದೆ. ದೀಪ ಹಚ್ಚುವ ಹೊತ್ತಿಗೆ ಗುಡಿಯ ಪ್ರಾಕಾರದಲ್ಲಿ ಬಿಳಿಯ ಪಂಚೆ ಕಟ್ಟಿ ಲಾಂದ್ರ ಹೊತ್ತಿಸಿದ್ದರು. ಇನ್ನೂರು ಜನಕ್ಕೆ ಕಡಿಮೆಯಿಲ್ಲ. ನಾನು ಹಿಂದೆ ಹೆಂಗಸರ ನಡುವೆ ಮಣ್ಣಿನ ಮೇಲೆ ಕೂತೆ.

ಬೊಮ್ಮಪ್ಪನವರು ಮೊದಲು ಅಳುಕಿದರು. ಕೈ ಒಮ್ಮೆ ಹಿಂದಕ್ಕೆ ಹೋಯಿತು, ಮತ್ತೆ ಮುಂದೆ ಬಂತು. ನೀರಿನ ಹನಿಯೊಳಗಿನ ಹುಳದ ಚಿತ್ರ ಪಂಚೆಯ ಮೇಲೆ ಬಿದ್ದೊಡನೆ ಜನ ಹೌಹಾರಿದರು. ಅಲ್ಲಿಂದ ಅವರ ಮಾತಿಗೆ ಕಾಲು ಬಂತು. ಕನ್ನಡ ಎಲ್ಲಿ ಮುಗಿಯಿತು, ತೆಲುಗು ಎಲ್ಲಿ ಶುರುವಾಯಿತು, ನಾನು ನೋಡಲಿಲ್ಲ. ಆಮೇಲೆ ಮುದುಕಿ ಬಂದಳು. ಮಾವ ಕುಡಿದದ್ದು, ಅತ್ತೆ ಕುಡಿದದ್ದು, ಮಗ ಈಜು ಕಲಿತದ್ದು. ಜನ ನಕ್ಕರು. ಚೊಂಬು ಮೇಲೆದ್ದಿತು, ತುಟಿಯ ಹತ್ತಿರ ಬಂತು. ಅಷ್ಟರಲ್ಲಿ ಚಿತ್ರ ತೆಗೆದರು, ಲಾಂದ್ರದ ಬೆಳಕು ಬರಿಯ ಪಂಚೆಯಿಂದ ಚಿಮ್ಮಿ ನಮ್ಮ ಕಡೆ ಬಿತ್ತು. ಅವರು ನನ್ನನ್ನು ಕಂಡರು.

ಮಾತು ನಿಂತಿತು. ಎರಡೂ ಕೈ ಗಾಳಿಯಲ್ಲಿ, ರಾಯದುರ್ಗದಲ್ಲಿ ನಿಂತ ಹಾಗೆಯೇ. ಅವರ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಮಡಿಲಿನ ಮೇಲಿತ್ತು. ನಾನು ಎರಡೂ ಅಂಗೈ ತೆರೆದು ತೋರಿಸಿದೆ, ಬರಿಗೈ. ಆದರೂ ಮಾತು ಹೊರಡಲಿಲ್ಲ. ಇನ್ಸ್‌ಪೆಕ್ಟರು ಕುರ್ಚಿಯಲ್ಲಿ ಕದಲಿದರು. ಪಕ್ಕದ ಹೆಂಗಸು, “ಯಾಕೆ, ಮರ್ತೋದ್ನಾ?” ಎಂದಳು.

ನಾನು ಎದ್ದೆ. ಕಾಲುಗಳ ನಡುವೆ ದಾರಿ ಮಾಡಿಕೊಂಡು ಪ್ರಾಕಾರದ ಬಾಗಿಲು ದಾಟಿ ಹೊರಗೆ ಬಂದು, ಗೋಡೆಯ ಆಚೆ ಗಾಡಿಯ ಪಕ್ಕ ನಿಂತೆ. ಒಳಗೆ ಯಾರೋ ಕೆಮ್ಮಿದರು. ಒಂದು ಮಗು ಅತ್ತು ಸುಮ್ಮನಾಯಿತು.

ಆಮೇಲೆ ಅವರ ದನಿ ಎದ್ದಿತು.

ಮುದುಕಿ ನೀರು ಕುಡಿಯಲಿಲ್ಲ. ಚೊಂಬಿನೊಳಗೆ ಇಣುಕಿ ನೋಡಿ, ಕೆಳಗಿಟ್ಟು, ಸೊಸೆಯನ್ನು ಕರೆದು, ಪೆಟ್ಟಿಗೆಯಲ್ಲಿರೋ ನನ್ನ ಧಾರೆ ಸೀರೆ ತಾರೆ, ಅದ್ರ ಸೆರಗು ಹರಿದು ಕೊಡಕ್ಕೆ ಕಟ್ಟು, ಅರವತ್ತು ವರ್ಷ ಅದ್ನ ಕಾಪಾಡಿದ್ದೂ ಸಾಕು, ಹುಳ ಕುಡಿದಿದ್ದೂ ಸಾಕು ಅಂದಳಂತೆ. ಗೋಡೆಯ ಒಳಗಿಂದ ನಗು ಎದ್ದಿತು. ಅದು ಬೇಗ ನಿಲ್ಲಲಿಲ್ಲ.

ಊರಿಗೆ ಹೋದ ಕೂಡಲೆ ಓಬಮ್ಮನಿಗೆ ಹೇಳಬೇಕು. ಮುದುಕಿ ಕೈ ಇಳಿಸಿದಳು ಅಂತ.